ಉದ್ದೇಶ: ನಡುಗಡ್ಡೆ ಸುತ್ತುವುದು

ಗಂಗರತ್ನಮ್ಮನವರು ಬೆಳಿಗ್ಗೆ ಎದ್ದ ಮೇಲೆ ಮುಖಕ್ಕೆ ನೀರು ಹಾಕಿಕೊಳ್ಳುವುದಕ್ಕೂ ಮೊದಲು ಜಗಲಿಗೆ ಬಂದು, ಸೈಕಲ್ಲಿನ ಎರಡು ಟೈರುಗಳನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಬಸುರಿ ಹೆಂಗಸರ ಕಾಲು ಒತ್ತಿ ನೀರು ತುಂಬಿಕೊಂಡಿದೆಯೇ ಎಂದು ನೋಡುವುದೂ ಅದೇ ಹೆಬ್ಬೆರಳಿನಿಂದ. ಕಾಲಿನಲ್ಲಿ ಕುಳಿ ಬಿದ್ದರೆ ಉಪ್ಪು ಕಡಿಮೆ ಮಾಡು ಎನ್ನುತ್ತಿದ್ದರು. ಟೈರಿನಲ್ಲಿ ಬಿದ್ದರೆ ಪಂಪು ತರುತ್ತಿದ್ದರು. ಜ್ವರ ಬಂದ ದಿನ, ಹಬ್ಬದ ದಿನ, ತಾಯಿ ತೀರಿಕೊಂಡರೆಂದು ಸುದ್ದಿ ಬಂದ ದಿನ ಕೂಡ ಅದು ತಪ್ಪಲಿಲ್ಲ. ಸೂರ್ಯನಿಗೆ ಕೈ ಮುಗಿಯುವುದು ಅದಾದ ಮೇಲೆ.

ಅವರು ನಮ್ಮ ಬೂದಿಕೋಟೆ ಕಡೆಯ ನರ್ಸಮ್ಮ. ಸರ್ಕಾರದ ಕಾಗದದಲ್ಲಿ ಅವರ ಹುದ್ದೆಗೆ ಉದ್ದನೆಯ ಹೆಸರೊಂದಿತ್ತು, ಅದು ಯಾರ ಬಾಯಲ್ಲೂ ನಿಲ್ಲುತ್ತಿರಲಿಲ್ಲ. ಹದಿನಾಲ್ಕು ಹಳ್ಳಿ ಅವರ ಪಾಲಿಗಿದ್ದವು. ಹೆರಿಗೆ, ಸೂಜಿಮದ್ದು, ಕಬ್ಬಿಣದ ಮಾತ್ರೆ, ಹುಟ್ಟಿದವರ ಪಟ್ಟಿ, ಸತ್ತವರ ಪಟ್ಟಿ. ನಾನು ಹೇಳುತ್ತಿರುವ ಬೇಸಿಗೆ 1984ರದು. ಆಗ ಅವರಿಗೆ ನಲವತ್ತೊಂದು ವಯಸ್ಸು, ಕೆಲಸಕ್ಕೆ ಸೇರಿ ಹದಿನೆಂಟು ವರ್ಷ.

ಅವರು ಕೂತು ಊಟ ಮಾಡಿದ್ದನ್ನು ನಮ್ಮ ಬೀದಿಯಲ್ಲಿ ಕಂಡವರು ಕಡಿಮೆ. ತಟ್ಟೆ ಕೈಯಲ್ಲಿ ಹಿಡಿದು ಹೊಸಿಲಿನಲ್ಲಿ ನಿಂತೇ ಮುದ್ದೆ ನುಂಗುತ್ತಿದ್ದರು, ಕಣ್ಣು ರಸ್ತೆಯ ಕಡೆ. ಮದುವೆ ಮನೆಗೆ ಹೋದರೆ ಧಾರೆ ಮುಗಿಯುವುದರೊಳಗೆ ಎದ್ದು ಬರುತ್ತಿದ್ದರು. ಭಜನೆಗೆ ಬಂದು ಕೂತರೂ ಸೀರೆಯ ಒಳಗೆ ಕಾಲು ಆಡುತ್ತಲೇ ಇರುತ್ತಿತ್ತು. ಯಾರಾದರೂ ಕೇಳಿದರೆ, “ಕಾಲಿಗೆ ಕೆಲಸ ಇಲ್ದಿದ್ರೆ ತಲೆಗೆ ಬತ್ತದೆ ಕಣಮ್ಮ” ಎಂದು ನಗುತ್ತಿದ್ದರು.

ಹದಿನಾರಕ್ಕೆ ಅವರ ಮದುವೆಯಾಗಿತ್ತು. ಎತ್ತಿನ ಗಾಡಿಯಲ್ಲಿ ಮುಳಬಾಗಿಲ ಕಡೆಯ ಹಳ್ಳಿಗೆ ಕರೆದುಕೊಂಡು ಹೋದರು. ಮೂರು ವರ್ಷದ ಮೇಲೆ ಗಂಡ ಇನ್ನೊಬ್ಬಳನ್ನು ತಂದಾಗ ಅಪ್ಪ ಲಾರಿಯೊಂದರಲ್ಲಿ ಬಂದು, ಟ್ರಂಕಿನ ಜೊತೆಗೆ ಕರೆದುಕೊಂಡು ಬಂದರು. ಆಮೇಲೆ ನರ್ಸಿನ ತರಬೇತಿಗೆ ಕೋಲಾರಕ್ಕೆ ರೈಲಿನಲ್ಲಿ ಕರೆದುಕೊಂಡು ಹೋಗಿ ಬಿಟ್ಟರು. ಮುಗಿದ ಮೇಲೆ ಬೂದಿಕೋಟೆಗೆ ಬಸ್ಸಿನಲ್ಲಿ ಕರೆತಂದು ಬಿಟ್ಟರು. ಇದನ್ನೆಲ್ಲ ಅವರು ದುಃಖವಾಗಿ ಹೇಳಿದ್ದಲ್ಲ. ಒಂದು ಸಂಜೆ ನಮ್ಮ ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಾಗ ತಾನಾಗಿ ಬಂದ ಮಾತು. “ನೋಡು, ನಾನು ಎಲ್ಲಿಗೂ ಓಗಿಲ್ಲ. ಕರ್ಕೊಂಡೋಗವ್ರೆ, ಕರ್ಕೊಂಡ್ ಬಂದವ್ರೆ ಅಷ್ಟೇಯ.”

ಸೈಕಲ್ಲಾದರೂ ಅವರದೇ ಅಲ್ಲವೇ ಎಂದರೆ, ಅದಕ್ಕೂ ಒಂದು ಕಟ್ಟು ಇತ್ತು. ನರ್ಸಮ್ಮಂದಿರು ಮುಂದಿನ ತಿಂಗಳು ಯಾವ ದಿನ ಯಾವ ಹಳ್ಳಿಗೆ ಹೋಗುತ್ತೇವೆ, ಯಾತಕ್ಕೆ ಹೋಗುತ್ತೇವೆ, ಎಲ್ಲಿ ತಂಗುತ್ತೇವೆ ಎಂದು ಹಿಂದಿನ ತಿಂಗಳೇ ಅಚ್ಚು ಹಾಕಿದ ಹಾಳೆಯಲ್ಲಿ ಬರೆದು ಕೊಡಬೇಕು. ಟೂರ್ ಪ್ರೋಗ್ರಾಂ ಎನ್ನುತ್ತಿದ್ದರು. ಕಾರ್ಬನ್ ಇಟ್ಟು ಮೂರು ಪ್ರತಿ. ಒಂದು ತಮಗೆ, ಒಂದು ಡಾಕ್ಟರಿಗೆ, ಒಂದು ಮೇಲಿನ ಕಚೇರಿಗೆ. ಹದಿನೆಂಟು ವರ್ಷ ಆ ಹದಿನಾಲ್ಕು ಹೆಸರುಗಳನ್ನೇ ಹಿಂದೆ ಮುಂದೆ ಮಾಡಿ ಬರೆದು ಅವರ ಕೈ ಪಳಗಿಹೋಗಿತ್ತು.

ನಡುಗಡ್ಡೆಯ ಮಾತು ಶುರುವಾಗಿದ್ದು ಬಾಲವಾಡಿಯಲ್ಲಿ. ಬಾಲವಾಡಿಯ ಟೀಚರು ಮುನಿನಾರಾಯಣಮ್ಮ ಗಂಗರತ್ನಮ್ಮನವರಿಗಿಂತ ಆರು ವರ್ಷ ಚಿಕ್ಕವಳು, ದಪ್ಪಗೆ, ಮಾತಿಗೆ ಮೊದಲೇ ನಗುವವಳು. ಫೆಬ್ರವರಿಯಲ್ಲಿ ಮಕ್ಕಳ ತೂಕ ನೋಡಲು ಹೋದ ಗಂಗರತ್ನಮ್ಮ ಗೋಡೆಯ ಮೇಲಿನ ಕರ್ನಾಟಕದ ನಕ್ಷೆಯ ಮುಂದೆ ನಿಂತುಬಿಟ್ಟರು. ಕಾವೇರಿಯ ನೀಲಿ ಗೆರೆ ಒಂದು ಕಡೆ ಎರಡಾಗಿ ಸೀಳಿ, ಸ್ವಲ್ಪ ದೂರ ಹಾಗೇ ಹೋಗಿ, ಮತ್ತೆ ಕೂಡಿತ್ತು. ಅವರು ಅದರ ಮೇಲೆ ಬೆರಳಿಟ್ಟರು.

“ಅದೇನಕ್ಕ ಅಂಗ್ ನೋಡ್ತಿದೀಯ, ಗೆದ್ದಲು ಬಂದೈತಾ?” ಎಂದಳು ಮುನಿನಾರಾಯಣಮ್ಮ.

“ಒಳೆ ಇಲ್ಲಿ ಸೀಳ್ಕೊಂಡೈತೆ ನೋಡು.”

“ಅದು ಶ್ರೀರಂಗಪಟ್ಟಣ ಅಲ್ವಾ. ಸುತ್ತ ನೀರು, ಮಧ್ಯ ಊರು. ಇನ್ನೂ ಕೆಳಗೆ ಬಾ, ಇಲ್ಲಿ ಶಿವನಸಮುದ್ರ. ಅದೂ ಅಂಗೇ. ಇನ್ನೊಂದು ಶ್ರೀರಂಗ, ಅದು ತಮಿಳುನಾಡು, ಈ ನಕ್ಷೇಲಿಲ್ಲ.”

“ಮೂರು ಕಡೇನೂ ರಂಗನಾಥಸ್ವಾಮಿ.”

“ಊನಕ್ಕ. ಆದಿರಂಗ, ಮಧ್ಯರಂಗ, ಅಂತ್ಯರಂಗ. ಒಂದೇ ದಿನ ಒತ್ತು ಉಟ್ಟಿ ಮುಳುಗೋದ್ರೊಳಗೆ ಮೂರೂ ನೋಡ್ಬಿಟ್ರೆ ಜನ್ಮ ಸಾಕು ಅಂತಾರೆ ನಮ್ಮತ್ತೆ.”

ಗಂಗರತ್ನಮ್ಮ ಬೆರಳು ತೆಗೆಯಲಿಲ್ಲ. “ಇಲ್ಲಿಂದ ಸೈಕಲ್ ತುಳಕೊಂಡು ಓಗಕ್ಕೆ ಎಷ್ಟು ದಿನ ಬೇಕಾಗ್ತದೆ?”

“ನಿಂಗೆ ಬಿಸಿಲು ತಾಕೈತೆ. ಮಜ್ಜಿಗೆ ಕೊಡ್ಲಾ?”

ಮಜ್ಜಿಗೆ ಕುಡಿದ ಮೇಲೂ ಅವರು ಅದನ್ನೇ ಕೇಳಿದರು.

ಶಿವನಸಮುದ್ರದ ಹೆಸರು ಅವರ ಕಿವಿಗೆ ಹೊಸದಲ್ಲ. ಅವರು ಬೆಳೆದದ್ದು ಊರಿಗಾಂನ ಕಾರ್ಮಿಕರ ಲೈನು ಮನೆಯಲ್ಲಿ. ಅಪ್ಪ ಮುನಿಸ್ವಾಮಪ್ಪ ಚಿನ್ನದ ಗಣಿಯ ವೈಂಡರ್ ಡ್ರೈವರ್. ಗಣಿಯ ಬಾಯಿಯ ಹತ್ತಿರದ ಕೊಠಡಿಯಲ್ಲಿ ಕೂತು, ಗಂಟೆ ಎಷ್ಟು ಸಲ ಬಡಿಯಿತೆಂದು ಕೇಳಿ, ಜನ ತುಂಬಿದ ಕೇಜನ್ನು ಉಕ್ಕಿನ ಹಗ್ಗದಲ್ಲಿ ಸಾವಿರಾರು ಅಡಿ ಇಳಿಸುವುದು, ಏರಿಸುವುದು. ಮಗಳು ಚಿಕ್ಕಂದಿನಲ್ಲಿ ಆ ಇಂಜಿನ್ನಿಗೆ ಕರೆಂಟು ಎಲ್ಲಿಂದ ಬರುತ್ತದೆ ಎಂದು ಕೇಳಿದ್ದಳು.

“ಶಿವನಸಮುದ್ರದಿಂದ ಕಣಮ್ಮಣ್ಣಿ. ಅಲ್ಲಿ ಒಂದು ನಡುಗಡ್ಡೆ ಐತೆ. ಸುತ್ತ ನೀರು. ಆ ನೀರು ಬಿದ್ರೆ ನಮ್ಮ ಇಂಜಿನ್ನು ತಿರುಗ್ತದೆ.”

“ನೀನು ನೋಡಿದೀಯ?”

“ನಂಗೆಲ್ಲಿ ಬಿಡುವು.”

ನಮ್ಮ ಸೀಮೆಯಲ್ಲಿ ಹೊಳೆಯಿಲ್ಲ. ಕೆರೆಗಳಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ನೀರು ನಿಂತರೆ ಅದೇ ಭಾಗ್ಯ. ಸುತ್ತ ನೀರು ಎಂದರೆ ಹೇಗಿರುತ್ತದೆ ಎಂದು ಕಲ್ಪಿಸಿಕೊಳ್ಳಲು ಆ ಹುಡುಗಿಗೆ ತಪ್ಪಲೆಯಲ್ಲಿ ನೀರು ತುಂಬಿ ನಡುವೆ ಕಲ್ಲಿಡಬೇಕಾಯಿತಂತೆ. ಕಲ್ಲಿನ ಮೇಲೆ ಒಂದು ಇರುವೆ ಬಿಟ್ಟಳಂತೆ. ಇರುವೆ ಸುತ್ತಿತು, ಸುತ್ತಿತು, ಕೂರಲೇ ಇಲ್ಲ.

ಮಾರ್ಚ್ ಹೊತ್ತಿಗೆ ಯೋಜನೆಗೆ ಕೈಕಾಲು ಬಂದಿತ್ತು. ಬಾಲವಾಡಿಗೆ ಮೇ ತಿಂಗಳು ರಜ, ಆದ್ದರಿಂದ ಮೇಯಲ್ಲೇ ಹೋಗುವುದು. ಮಳೆಗಾಲದಲ್ಲಿ ಹೋದರೆ ನೀರು ಹೆಚ್ಚು, ನಿಜ, ಆದರೆ ದಂಡೆಯ ಕೆಸರಿನಲ್ಲಿ ಸೈಕಲ್ಲು ನಡೆಯುವುದಿಲ್ಲ. ಗಂಗರತ್ನಮ್ಮನವರಿಗೆ ದೇವಸ್ಥಾನದೊಳಗೆ ಹೋಗಿ ಮಂಗಳಾರತಿ ತೆಗೆದುಕೊಂಡು ಬರುವುದಷ್ಟೇ ಬೇಕಾಗಿರಲಿಲ್ಲ. ಹೊಳೆ ಎಲ್ಲಿ ಎರಡಾಗುತ್ತದೋ ಅಲ್ಲಿಂದ ಹೊರಟು, ನೀರನ್ನು ಬಲಗಡೆಯೋ ಎಡಗಡೆಯೋ ಬಿಡದೆ ಇಟ್ಟುಕೊಂಡು, ಅದು ಎಲ್ಲಿ ಕೂಡುತ್ತದೋ ಅಲ್ಲಿಗೆ ಮುಟ್ಟಿ, ಆಚೆಯಿಂದ ವಾಪಸು ಬಂದು ಇಡೀ ನಡುಗಡ್ಡೆಯನ್ನು ಸುತ್ತಬೇಕು. “ಸ್ವಾಮಿ ಮಲಗಿರಾದು ಅದರ ಮೇಲೇ ಅಲ್ವಾ. ಅದನ್ನ ಸುತ್ತಿದ್ರೆ ಆತನ್ನ ಸುತ್ತಿದಂಗೇ” ಎನ್ನುತ್ತಿದ್ದರು. ಮೂರು ನಡುಗಡ್ಡೆ, ಒಂದೊಂದಕ್ಕೆ ಎರಡು ದಿನ. ಕೊನೆಯ ಶ್ರೀರಂಗದಿಂದ ಸೈಕಲ್ಲುಗಳನ್ನು ರೈಲಿಗೆ ಹಾಕಿ ಜೋಲಾರಪೇಟೆಯ ಮೇಲೆ ಬಂಗಾರಪೇಟೆಗೆ. ಎಲ್ಲ ಸೇರಿ ಹದಿನೆಂಟು ದಿನ.

ತೊಂದರೆ ಏನೆಂದರೆ ಮುನಿನಾರಾಯಣಮ್ಮನಿಗೆ ಸೈಕಲ್ ಬರುತ್ತಿರಲಿಲ್ಲ. ಶಾಲೆಯ ಬಯಲಿನಲ್ಲಿ ಸಂಜೆ ಹೊತ್ತು ಕಲಿಕೆ ಶುರುವಾಯಿತು. ಗಂಗರತ್ನಮ್ಮ ಹಿಂದೆ ಸೀಟು ಹಿಡಿದು ಓಡುವುದು, ಮುಂದೆ ಆಕೆ ಕೂಗುವುದು. “ಬಿಡಬೇಡಕ್ಕೋ, ನಿನ್ನ ಕಾಲಿಗೆ ಬೀಳ್ತೀನಿ, ಬಿಡಬೇಡ.”

“ಬಿಟ್ಟು ಅರ್ಧ ಬಯಲು ಆಯ್ತು. ತುಳಿ.”

ಬಿಟ್ಟಿದ್ದಾರೆಂದು ಗೊತ್ತಾದ ಕೂಡಲೇ ಆಕೆ ಬೀಳುತ್ತಿದ್ದಳು. ಮೊಣಕೈ ತರಚಿತು, ಬಳೆ ಒಡೆಯಿತು. ಗಂಗರತ್ನಮ್ಮ ಟಿಂಚರ್ ಹಚ್ಚುತ್ತ, “ಚಕ್ರ ನೋಡ್ಬೇಡ, ದೂರ ನೋಡು” ಎನ್ನುತ್ತಿದ್ದರು. ಹದಿನೈದು ದಿನಕ್ಕೆ ಆಕೆ ನೆಟ್ಟಗೆ ಹೋಗುವುದನ್ನು ಕಲಿತಳು. ತಿರುಗಿಸುವುದು ಇನ್ನೂ ಕಷ್ಟ. ತಿರುವು ಬಂದಾಗ ಇಳಿದು, ಸೈಕಲ್ಲನ್ನು ಕೈಯಿಂದ ತಿರುಗಿಸಿ, ಮತ್ತೆ ಹತ್ತುತ್ತಿದ್ದಳು.

ರಾತ್ರಿ ಎಲ್ಲಿ ತಂಗುವುದು ಎಂಬುದಕ್ಕೆ ಗಂಗರತ್ನಮ್ಮ ಕಂಡುಕೊಂಡ ಉಪಾಯ ಅವರ ಕೆಲಸದವರಿಗೆ ಮಾತ್ರ ಹೊಳೆಯುವಂಥದು. ದಾರಿಯ ಊರುಗಳಿಗೆಲ್ಲ ಒಂದೊಂದು ಪೋಸ್ಟ್ ಕಾರ್ಡು ಬರೆದರು. ಹೆಸರು ಗೊತ್ತಿಲ್ಲ, ಆದ್ದರಿಂದ ವಿಳಾಸದ ಜಾಗದಲ್ಲಿ “ನರ್ಸಮ್ಮನವರಿಗೆ, ಬಿಡದಿ,” “ನರ್ಸಮ್ಮನವರಿಗೆ, ಮದ್ದೂರು” ಎಂದಷ್ಟೇ. ಅಂಚೆಯವರಿಗೆ ಅಷ್ಟು ಸಾಕಾಯಿತು. ಉತ್ತರಗಳು ಬಂದವು. ಹೊಸಕೋಟೆಯವಳು, ಬನ್ನಿ ಅಕ್ಕ, ನಮ್ಮ ಮನೆಯವರು ಊರಲ್ಲಿಲ್ಲ, ಮೂವರೂ ನಡುಮನೆಯಲ್ಲೇ ಮಲಗೋಣ ಎಂದು ಬರೆದಿದ್ದಳು. ಮದ್ದೂರಿನವಳು ಹೊದಿಕೆ ನೀವೇ ತನ್ನಿ ಎಂದಿದ್ದಳು. ಕೊಳ್ಳೇಗಾಲದವಳು ಮಾತ್ರ ಒಂದು ಹಾಳೆ ತುಂಬ ತನ್ನ ಮೇಲಿನವರ ಕಾಟ ತೋಡಿಕೊಂಡು, ಕೊನೆಯಲ್ಲಿ, ನೀವು ನಿಜವಾಗಿ ಬರುತ್ತೀರೋ ಎಂದು ಕೇಳಿದ್ದಳು. ಗಂಗರತ್ನಮ್ಮ ಆ ಕಾರ್ಡುಗಳನ್ನು ಔಷಧಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಹಳ್ಳಿಯಿಂದ ಹಳ್ಳಿಗೆ ಒಯ್ಯುತ್ತಿದ್ದರು, ಬಿಡುವು ಸಿಕ್ಕರೆ ತೆಗೆದು ಓದುತ್ತಿದ್ದರು.

ಎಡವಟ್ಟಾದದ್ದು ಆಗಲೇ. ಊರುಗಳ ಹೆಸರು, ದಿನಾಂಕ, ತಂಗುವ ಜಾಗ ಎಲ್ಲ ಕೂಡಿ ಬಂದ ಮೇಲೆ ಒಂದು ಕಡೆ ಚೊಕ್ಕವಾಗಿ ಬರೆದಿಡೋಣ ಎಂದು ಅವರು ಕೂತರು. ಕೈಗೆ ಸಿಕ್ಕಿದ್ದು ಟೂರ್ ಪ್ರೋಗ್ರಾಮಿನ ಹಾಳೆ. ಅದರಲ್ಲಿ ಬೇಕಾದ ಕಾಲಮುಗಳೆಲ್ಲ ಇದ್ದವಲ್ಲ. ಅಭ್ಯಾಸಬಲದಿಂದ ಕಾರ್ಬನ್ನೂ ಇಟ್ಟರು. ಮೇ ಏಳು, ಹೊಸಕೋಟೆ. ಮೇ ಎಂಟು, ಬಿಡದಿ. ಮೇ ಹತ್ತು, ಶ್ರೀರಂಗಪಟ್ಟಣ. ಕೊನೆಗೆ ಸಹಿಯನ್ನೂ ಹಾಕಿ ಮೇಜಿನ ಮೇಲಿಟ್ಟರು. ಆ ತಿಂಗಳ ಕಾಗದಪತ್ರಗಳನ್ನು ಕಟ್ಟಿ ಆರೋಗ್ಯ ಕೇಂದ್ರಕ್ಕೆ ಕಳಿಸುವಾಗ ಅದೂ ಕಟ್ಟಿನೊಳಗೆ ಸೇರಿಹೋಯಿತು. ಡಾಕ್ಟರು ಹೊಸಬರು, ಚಿಕ್ಕ ವಯಸ್ಸು. ಕಟ್ಟಿನಲ್ಲಿದ್ದ ಹಾಳೆಗಳಿಗೆಲ್ಲ ಒಂದೇ ಉಸಿರಿಗೆ ಸಹಿ ಹಾಕಿದರು. ಹಾಳೆ ಮೇಲಿನ ಕಚೇರಿಗೆ ಹೋಯಿತು.

ಏಪ್ರಿಲ್ ತಿಂಗಳ ಸಭೆಯ ದಿನ ಅದು ವಾಪಸು ಬಂದಿತ್ತು. ಕೇಂದ್ರದ ಗುಮಾಸ್ತ ಚಿಕ್ಕಮುನಿಯಪ್ಪ ಎಲ್ಲರ ಎದುರಿಗೆ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಓದಿದರು.

“ದಿನಾಂಕ ಹತ್ತು ಮತ್ತು ಹನ್ನೊಂದು, ಶ್ರೀರಂಗಪಟ್ಟಣ. ಉದ್ದೇಶ, ನಡುಗಡ್ಡೆ ಸುತ್ತುವುದು. ದಿನಾಂಕ ಹದಿಮೂರು ಮತ್ತು ಹದಿನಾಲ್ಕು, ಶಿವನಸಮುದ್ರ. ಉದ್ದೇಶ, ಸದರಿ.” ಕನ್ನಡಕದ ಮೇಲಿಂದ ನೋಡಿದರು. “ಕೆಂಪು ಶಾಯೀಲಿ ಸಾಹೇಬರು ಕೇಳವ್ರೆ. ಈ ಸ್ಥಳಗಳು ತಮ್ಮ ಉಪಕೇಂದ್ರದ ವ್ಯಾಪ್ತಿಗೆ ಬರುತ್ತವೆಯೇ, ಸಮಜಾಯಿಷಿ ನೀಡುವುದು.”

ಹನ್ನೆರಡು ಮಂದಿ ನರ್ಸಮ್ಮಂದಿರು ಸೆರಗು ಬಾಯಿಗಿಟ್ಟುಕೊಂಡರು. ಒಬ್ಬಾಕೆ ಹಿಂದಿನಿಂದ, “ಮೀನುಗಳಿಗೆ ಸೂಜಿ ಆಕಕ್ಕೆ ಓಗ್ತಾ ಔಳೆ ಬುಡಿ ಸಾರ್” ಎಂದಳು. ಆ ಮೇಲೆ ಯಾರಿಗೂ ನಗು ತಡೆಯಲಾಗಲಿಲ್ಲ.

ಗಂಗರತ್ನಮ್ಮ ಎದ್ದು ನಿಂತಿದ್ದರು. ಕಿವಿಯವರೆಗೆ ಕೆಂಪಾಗಿತ್ತು. ತಪ್ಪು ತನ್ನದೇ, ಅದು ಕೆಲಸದ ಹಾಳೆಯಲ್ಲ, ಸೇರಿಹೋಗಿದೆ ಎಂದು ಮೆಲ್ಲಗೆ ಹೇಳಿದರು. ಓದದೆ ಸಹಿ ಹಾಕಿದ್ದ ಡಾಕ್ಟರಿಗೂ ಮುಜುಗರವಾಗಿತ್ತು.

“ಸಮಜಾಯಿಷಿ ಬರೆದುಕೊಡಿ,” ಎಂದರು ಅವರು. “ಏನಿದೆಯೋ ಅದನ್ನೇ ಬರೆಯಿರಿ.”

ಅಲ್ಲೇ ಗೋಡೆಗೆ ಹಾಳೆ ಒತ್ತಿ ನಿಂತುಕೊಂಡೇ ಬರೆದರು. ನಾನು ಅದರ ಕರಡು ನೋಡಿದ್ದೇನೆ. ‘ಸದರಿ ಸ್ಥಳಗಳು ನನ್ನ ವ್ಯಾಪ್ತಿಗೆ ಬರುವುದಿಲ್ಲ. ಹದಿನೆಂಟು ವರ್ಷಗಳಿಂದ ವ್ಯಾಪ್ತಿಯ ಹೊರಗೆ ಹೋಗಿರುವುದಿಲ್ಲ. ನೋಡಬೇಕೆಂಬ ಆಸೆಯಿಂದ ಬರೆದುಕೊಂಡ ಹಾಳೆ ತಪ್ಪಿ ಸೇರಿದೆ. ದಯವಿಟ್ಟು ಇದನ್ನೇ ರಜೆಯ ಅರ್ಜಿಯೆಂದು ಭಾವಿಸಬೇಕೆಂದು ಕೋರುತ್ತೇನೆ.’

ಡಾಕ್ಟರು ಎರಡು ಸಲ ಓದಿದರು. ಪಕ್ಕದ ಉಪಕೇಂದ್ರದವರು ಹೆರಿಗೆಗಳನ್ನು ನೋಡಿಕೊಳ್ಳುವುದಾದರೆ ಕೊಡುತ್ತೇನೆ ಎಂದರು. ಮೀನಿನ ಮಾತಾಡಿದ ಆಕೆಯೇ, “ನಾನು ನೋಡ್ಕೋತೀನಿ ಸಾರ್, ಓಗಿ ಬರ್ಲಿ” ಎಂದಳು. ರಜೆ ಮಂಜೂರಾಯಿತು.

ಅಂದಿನಿಂದ ಮೇ ಏಳರವರೆಗೆ ಇಪ್ಪತ್ತೆಂಟು ದಿನ. ಆ ದಿನಗಳಲ್ಲಿ ಅವರನ್ನು ನೋಡಿದರೆ ನಮಗೇ ಉಸಿರು ಕಟ್ಟುತ್ತಿತ್ತು. ಚೀಲ ಕಟ್ಟುವುದು, ಬಿಚ್ಚುವುದು. ಎರಡು ಸೀರೆ ಸಾಕು ಎಂದು ಒಂದು ತೆಗೆಯುವುದು, ಮತ್ತೆ ಇಡುವುದು. ಹುರಿಹಿಟ್ಟು, ಉಪ್ಪಿನಕಾಯಿ, ಟಾರ್ಚು, ಪಂಚರಿನ ಸಲ್ಯೂಷನ್ನು, ಒಂದು ಹೆರಿಗೆ ಸಾಮಾನಿನ ಗಂಟು. ಅದೆಲ್ಲಾ ಯಾತಕ್ಕೆ ಎಂದರೆ, “ದಾರೀಲಿ ಯಾರಿಗಾದ್ರೂ ನೋವು ಬಂದ್ರೆ?” ಬಂಗಾರಪೇಟೆಗೆ ಹೋಗಿ ಸೈಕಲ್ಲಿನ ಚೈನು ಹೊಸದು ಹಾಕಿಸಿದರು, ಕಡ್ಡಿಗಳನ್ನು ಬಿಗಿ ಮಾಡಿಸಿದರು, ಮೂರು ದಿನದ ಮೇಲೆ ಮತ್ತೆ ಹೋಗಿ ಬೆಂಡು ಇದೆಯೇನೋ ನೋಡು ಎಂದರು. ಸೈಕಲ್ ಷಾಪಿನವನು, “ಚಕ್ರ ಸರಿಯಾಗೈತೆ ಅಕ್ಕ, ನೀವೊಂದ್ ಗಳಿಗೆ ಕೂತ್ಕಳಿ” ಎಂದು ಸ್ಟೂಲು ಎಳೆದುಹಾಕಿದನಂತೆ. ಅವರು ಕೂರಲಿಲ್ಲ.

ಹೆರಿಗೆ ಮನೆಯಲ್ಲಿ ಮಾತ್ರ ಆ ಚಡಪಡಿಕೆ ಇರುತ್ತಿರಲಿಲ್ಲ. ನೋವು ತಿನ್ನುವ ಹೆಂಗಸಿನ ಪಕ್ಕದಲ್ಲಿ ಐದು ಗಂಟೆಯಾದರೂ ಅಲುಗದೆ ಕೂರುತ್ತಿದ್ದರು. ಅದು ಮುಗಿದು, ಕೂಸನ್ನು ಒರೆಸಿ ಕೊಟ್ಟು, ಹೊರಗೆ ಬಂದು ಸೈಕಲ್ಲಿನ ಹ್ಯಾಂಡಲ್ಲು ಮುಟ್ಟಿದ ಕೂಡಲೇ ಮತ್ತೆ ಶುರು. ದೇವರು ಕೆಲವರ ಕಾಲಿಗೆ ಆಸೆ ಕೊಟ್ಟಿರುತ್ತಾನೆ, ದಾರಿಯನ್ನು ಮಾತ್ರ ತಡವಾಗಿ ಕೊಡುತ್ತಾನೆ ಎಂದು ನನಗೆ ಆಗ ಅನ್ನಿಸಿತ್ತು.

ಏಪ್ರಿಲ್ ಕೊನೆಯ ಭಾನುವಾರ ಇಬ್ಬರೂ ಪರೀಕ್ಷೆಗೆಂದು ಮಾಲೂರಿನ ಕಡೆ ಹೊರಟರು. ಮುನಿನಾರಾಯಣಮ್ಮ ಬಾಡಿಗೆ ಸೈಕಲ್ ತಂದಿದ್ದಳು. ಬಂಗಾರಪೇಟೆ ದಾಟುವವರೆಗೆ ಚೆನ್ನಾಗಿಯೇ ಹೋದಳು. ಆಮೇಲೆ ಬಿಸಿಲೇರಿತು. ಒಂದು ಹೊಂಗೆ ಮರದ ಕೆಳಗೆ ಇಳಿದವಳು ಮತ್ತೆ ಏಳಲಿಲ್ಲ.

“ಅಕ್ಕ, ಇನ್ನೂ ಎಷ್ಟು ದೂರ?”

“ಮಾಲೂರಿಗೆ ಎಂಟು ಮೈಲಿ ಇರ್ಬೋದು.”

“ಶ್ರೀರಂಗಕ್ಕೆ ಕೇಳಿದ್ದು.”

ಗಂಗರತ್ನಮ್ಮ ಆಕೆಯ ಪಾದ ಮಡಿಲಿಗೆ ಎಳೆದುಕೊಂಡು ಒತ್ತಿದರು. ಅಲ್ಲಿಂದ ವಾಪಸಾದರು. ಆಕೆ ಬರುವುದಿಲ್ಲ ಎನ್ನಲಿಲ್ಲ, ಬರುತ್ತೇನೆ ಎಂದೂ ಅನ್ನಲಿಲ್ಲ. ಆ ವಾರವಿಡೀ ಗಂಗರತ್ನಮ್ಮ ದಿನಕ್ಕೆ ಎರಡು ಸಲ ಬಾಲವಾಡಿಯ ಮುಂದೆ ಬೆಲ್ಲು ಬಾರಿಸುತ್ತ ಹೋದರು, ಒಳಗೆ ಹೋಗಿ ಕೇಳುವ ಧೈರ್ಯ ಮಾಡಲಿಲ್ಲ. ಒಬ್ಬಳೇ ಹೋಗುವುದೇ ಎಂಬ ಮಾತು ಅವರ ತಲೆಯಲ್ಲಿ ಬಂದು ಕೂತದ್ದು ಆಗ. ನನ್ನನ್ನು ಕೇಳಿದರು. ನಾನು ದೇವರ ಮುಂದೆ ಎರಡು ಹೂವಿಟ್ಟು ನೋಡಿ ಎಂದೆ. “ಬಲಗಡೆ ಬಿದ್ರೆ ಸರಿ. ಎಡಗಡೆ ಬಿದ್ರೆ ಏನು ಮಾಡ್ಲಿ?” ಎಂದು ಹೂವಿಡದೆ ಹೋದರು.

ಇತ್ತ ಗುಮಾಸ್ತ ಚಿಕ್ಕಮುನಿಯಪ್ಪನವರ ಮನೆ ಆಂಡರ್ಸನ್‌ಪೇಟೆಯಲ್ಲಿ. ಗಂಗರತ್ನಮ್ಮನ ತಮ್ಮ ಸೀನಪ್ಪನ ಮನೆಯೂ ಅಲ್ಲೇ, ಅಪ್ಪ ಮುನಿಸ್ವಾಮಪ್ಪ ಅವನ ಜೊತೆಗಿದ್ದರು. ಸೀನಪ್ಪ ಒಂದು ಮೆಟಡೋರ್ ವ್ಯಾನು ಇಟ್ಟುಕೊಂಡು ಮದುವೆ, ತಿರುಪತಿ ಎಂದು ಬಾಡಿಗೆಗೆ ಓಡಿಸುತ್ತಿದ್ದ. ಅಕ್ಕನ ಮೇಲೆ ಅವನಿಗೆ ಜೀವ. 'ನಡುಗಡ್ಡೆ ಸುತ್ತುವುದು' ಕಥೆಯನ್ನು ಗುಮಾಸ್ತರು ಟೀ ಅಂಗಡಿಯಲ್ಲಿ ನಗುನಗುತ್ತ ಹೇಳಿದಾಗ ಅವನಿಗೆ ನಗು ಬರಲಿಲ್ಲ. ಅಕ್ಕ ಹದಿನೆಂಟು ದಿನ ಬಿಸಿಲಲ್ಲಿ ಸೈಕಲ್ ತುಳಿಯುತ್ತ ತಮಿಳುನಾಡಿಗೆ ಹೋಗುತ್ತಾಳೆ ಎಂದರೆ, ವ್ಯಾನು ಇಟ್ಟುಕೊಂಡ ತಮ್ಮ ಸತ್ತಿದ್ದಾನೆಯೇ ಎಂದು ಊರು ಕೇಳುವುದಿಲ್ಲವೇ.

ಮೇ ಆರನೇ ತಾರೀಕು ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ವ್ಯಾನು ಬೂದಿಕೋಟೆಗೆ ಬಂದು ನರ್ಸಮ್ಮನ ಮನೆಯ ಮುಂದೆ ನಿಂತಿತು. ತೊಳೆದು, ಮುಂದೆ ಮಾವಿನ ಸೊಪ್ಪು ಕಟ್ಟಿ, ಗಾಜಿಗೆ ಗಂಧ ಹಚ್ಚಿದ್ದರು. ಕಿಟಕಿಯ ಪಕ್ಕದಲ್ಲಿ ಮುನಿಸ್ವಾಮಪ್ಪ ಬಿಳಿ ಪಂಚೆಯುಟ್ಟು ಕೂತಿದ್ದರು. ಹಿಂದಿನ ಸೀಟಿನಲ್ಲಿ ಚಾಪೆ, ಬುತ್ತಿ, ನೀರಿನ ಕೊಡ. ಸೀನಪ್ಪ ಇಳಿದು ಒಳಗೆ ಬಂದ.

“ಅಕ್ಕಯ್ಯ, ಬಟ್ಟೆ ಎತ್ಕೊ. ಈಗ ಒರಟ್ರೆ ರಾತ್ರಿಗೆ ಶ್ರೀರಂಗಪಟ್ಟಣದ ಛತ್ರ. ನಾಳೆ ಒತ್ತಾರೆ ಆದಿರಂಗ, ಒಂಬತ್ತಕ್ಕೆಲ್ಲಾ ಮಧ್ಯರಂಗ, ಒತ್ತು ಮುಳುಗೋದ್ರೊಳಗೆ ಶ್ರೀರಂಗ. ಮೂರೂ ಒಂದೇ ದಿನ. ನಾಳೆ ಬಾಡಿಗೆ ಬಂದಿದ್ದೂ ಬುಟ್ಟೀನಿ.”

“ನಂದು ನಾಳೆ ಬೆಳಿಗ್ಗೆ ಒರಡಾದು ಕಣೋ.”

“ಸೈಕಲ್ಲಲ್ಲಿ ತಾನೆ. ಅದೆಲ್ಲಾ ಇನ್ನ್ಯಾಕೆ? ಹದಿನೆಂಟು ದಿನದ್ದು ಒಂದಿನಕ್ಕೆ ಮುಗೀತದೆ. ಸುಡೋ ಬಿಸಿಲು, ಲಾರಿಗಳು, ಯಾವೋ ಊರ ಜನ. ಗುಮಾಸ್ತನ ಬಾಯಾಗೆ ಕೇಳಿ ತಿಳ್ಕೋಬೇಕಾಯ್ತು ನಾನು. ನನ್ನ ಒಂದ್ ಮಾತು ಕೇಳ್ಬಾರ್ದಾಗಿತ್ತಾ?”

ಅಷ್ಟರಲ್ಲಿ ಮುನಿನಾರಾಯಣಮ್ಮ ಬೀದಿಯ ಆ ತುದಿಯಿಂದ ಓಡುತ್ತ ಬಂದಳು. ಸೀನಪ್ಪ ಬರುವ ದಾರಿಯಲ್ಲೇ ಅವಳಿಗೆ ಹೇಳಿ ಬಂದಿದ್ದ. ಸೀರೆ ಬದಲಾಯಿಸಿದ್ದಳು, ಮುಡಿಗೆ ಕನಕಾಂಬರ, ಕೈಯಲ್ಲಿ ಗಂಟು.

“ಅಕ್ಕ, ಮೂರು ರಂಗಾನೂ ಒಂದೇ ದಿನ ಕಣಕ್ಕ. ನಮ್ಮತ್ತೆಗೂ ಆಗಿಲ್ಲ ಅದು.” ಆಮೇಲೆ ತಲೆ ತಗ್ಗಿಸಿದಳು. “ಬೈಬೇಡ. ನನ್ನ ಕೈಲಿ ಆಗಲ್ಲ. ಆವತ್ತೇ ಏಳ್ಬೇಕಾಗಿತ್ತು.”

“ಬೈಯಲ್ಲ. ಹತ್ತು, ಜಾಗ ಹಿಡ್ಕೋ,” ಎಂದರು ಗಂಗರತ್ನಮ್ಮ. ದನಿಯಲ್ಲಿ ಕೋಪವಿರಲಿಲ್ಲ. ಅವರು ವ್ಯಾನಿನ ಹತ್ತಿರ ಹೋಗಿ ಕಿಟಕಿಯೊಳಗೆ ಕೈ ಹಾಕಿ ಅಪ್ಪನ ಪಾದ ಮುಟ್ಟಿದರು.

“ಬರಲ್ವೇನಮ್ಮಣ್ಣಿ?” ಎಂದರು ಮುನಿಸ್ವಾಮಪ್ಪ.

“ನೀನು ನೋಡ್ಕೊಂಡ್ ಬಾ ಅಪ್ಪಯ್ಯ.”

“ನೀನೂ ಇದ್ರೆ ಚೆನ್ನಾಗಿರ್ತಿತ್ತು.”

ಗಂಗರತ್ನಮ್ಮ ಕಿಟಕಿಯ ಕಂಬಿ ಹಿಡಿದು ನಿಂತರು, ಬಿಟ್ಟರು, ಜಗಲಿಗೆ ಹೋದರು, ಮತ್ತೆ ಬಂದರು. ಬೀದಿಯವರೆಲ್ಲ ಬಾಗಿಲಿಗೆ ಬಂದಿದ್ದೆವು. ಒಂದೇ ದಿನ ಮೂರು ದರ್ಶನ, ತಾನಾಗಿ ಮನೆ ಬಾಗಿಲಿಗೆ ಬಂದದ್ದು, ಜೊತೆಗೆ ಹೆತ್ತ ಅಪ್ಪ. ನಮ್ಮಲ್ಲಿ ಯಾರೇ ಆಗಿದ್ದರೂ ಹತ್ತಿ ಕೂತುಬಿಡುತ್ತಿದ್ದೆವು. ಅವರಿಗೂ ಅದು ಗೊತ್ತಿತ್ತು. ಮುಖ ನೋಡಿದರೆ ತಿಳಿಯುತ್ತಿತ್ತು.

“ಸೀನ, ನಾನು ಬಂದ್ರೆ ಎಲ್ಲಿ ನಿಲ್ಲಿಸ್ತೀಯ?” ಎಂದು ಕೇಳಿದರು.

“ನೀನು ಎಲ್ಲಿ ನಿಲ್ಸು ಅಂತೀಯೋ ಅಲ್ಲಿ.”

“ನಿಲ್ಸು ಅಂತ ಏಳೋದ್ರೊಳಗೆ ಆ ಜಾಗ ಹಿಂದಕ್ಕೆ ಓಗಿರ್ತದಲ್ಲ.”

ಸೀನಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಅವನು ಒಳ್ಳೆಯವನು, ಸೋಲುವವನಲ್ಲ. ವ್ಯಾನಿನ ಮೇಲೆ ಹತ್ತಿ ಅಲ್ಲಿದ್ದ ಹಗ್ಗ ಬಿಚ್ಚತೊಡಗಿದ.

“ಅಂಗಾದ್ರೆ ಇಂಗ್ ಮಾಡವಾ. ಸೈಕಲ್ಲನ್ನ ಇಲ್ಲಿ ಮೇಲೆ ಕಟ್ತೀನಿ. ನಿನ್ನ, ನಿನ್ನ ಸೈಕಲ್ಲನ್ನ ಶ್ರೀರಂಗಪಟ್ಟಣದಾಗೆ ಇಳಿಸಿ ನಾವು ಮುಂದಕ್ಕೆ ಓಗ್ತೀವಿ. ಅಲ್ಲಿಂದ ನೀನು ಎಷ್ಟು ದಿನ ಬೇಕಾದ್ರೂ ಸುತ್ಕೋ, ಯಾರೂ ಕೇಳಲ್ಲ. ನಾಲ್ಕು ದಿನದ ತುಳಿತ ತಪ್ತದೆ, ಬೆಂಗಳೂರು ದಾಟೋದೂ ತಪ್ತದೆ. ಇದಕ್ಕಾದ್ರೂ ಒಪ್ಕೊ. ಎತ್ತಿ ಕೊಡು ಸೈಕಲ್ಲು.”

ಮುನಿನಾರಾಯಣಮ್ಮ ಕಿಟಕಿಯಿಂದ ತಲೆ ಹಾಕಿ, “ಒಪ್ಕೊ ಅಕ್ಕ, ಏನೋ ಕೇಳ್ತವ್ನೆ” ಎಂದಳು. ನ್ಯಾಯವಾದ ಮಾತೇ ಅದು. ಗಂಗರತ್ನಮ್ಮ ಸೈಕಲ್ಲಿನ ಹತ್ತಿರ ಹೋಗಿ ಸ್ಟ್ಯಾಂಡು ತೆಗೆದರು, ಎರಡು ಹೆಜ್ಜೆ ತಳ್ಳಿಕೊಂಡು ಬಂದರು. ಎತ್ತಿ ಕೊಡುತ್ತಾರೆಂದೇ ನಾವೆಲ್ಲ ತಿಳಿದೆವು. ಸೀನಪ್ಪ ಮೇಲಿನಿಂದ ಕೈ ಚಾಚಿದ್ದ. ಅವರು ಅಲ್ಲೇ ನಿಂತು, ಒಂದು ಕೈ ಸೀಟಿನ ಮೇಲಿಟ್ಟು, ರಸ್ತೆ ಬಂಗಾರಪೇಟೆಯ ಕಡೆ ತಿರುಗುವ ಜಾಗವನ್ನು ನೋಡಿದರು.

“ಬೇಡ ಕಣೋ ಸೀನ,” ಎಂದರು. “ನಡುವೆ ಇರೋ ಊರೆಲ್ಲಾ ನಿದ್ದೇಲೇ ದಾಟೋಗ್ತವೆ. ನಾನು ಬೆಳಿಗ್ಗೆ ತುಳ್ಕೊಂಡೇ ಒರಡ್ತೀನಿ. ನೀವು ಒರಡಿ, ಒತ್ತಾಗ್ತದೆ. ಅಪ್ಪಯ್ಯಂಗೆ ಗಾಳಿ ಆಗಲ್ಲ, ಕಿವಿಗೆ ಬಟ್ಟೆ ಕಟ್ಟು.”